ಬೆವರು ಬಾರದ ಹುಡುಗ

ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ್ದು 1996ರಲ್ಲಿ, ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಗೆ. ಹಾಸನದ ಕಡೆಯವನಾದ ನನಗೆ ಅಲ್ಲಿನ ಬಿಸಿಲಿನ ಅಂದಾಜೇ ಇರಲಿಲ್ಲ. ಶಿವರಾತ್ರಿ ಕಳೆಯಿತೆಂದರೆ ಗಾಳಿ ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಲೆಗೂದಲು ತೆಳು, ಹುಬ್ಬು ಇದ್ದೂ ಇಲ್ಲದಂತೆ, ನಕ್ಕರೆ ಅಲ್ಲೊಂದು ಇಲ್ಲೊಂದು ಮೊನಚಾದ ಹಲ್ಲು. ಸಹಪಾಠಿಗಳು ಅವನನ್ನು ಮುದುಕ ಎಂದು ಕರೆಯುತ್ತಿದ್ದರು. ಗಂಟೆಗೊಂದು ಸಲ ಹೊರಗೆ ಹೋಗಲು ಅನುಮತಿ ಕೇಳುವನು. ಹಿಂದಿರುಗುವಾಗ ಅಂಗಿ ತೊಯ್ದು ತೊಪ್ಪೆಯಾಗಿರುತ್ತಿತ್ತು. ನಲ್ಲಿಯ ಕೆಳಗೆ ತಲೆಯೊಡ್ಡಿ, ಅಂಗಿಗೂ ನೀರು ಸುರಿದುಕೊಂಡು ಬಂದು ಕೂರುತ್ತಿದ್ದ. ಬೆಂಚು ಒದ್ದೆ, ಪಕ್ಕದವನ ಪುಸ್ತಕ ಒದ್ದೆ.

ಒಂದು ದಿನ ನಾನು ಗುಪ್ತೋಷ್ಣದ ಪಾಠ ಮಾಡುತ್ತಿದ್ದೆ. 'ದ್ರವವು ಆವಿಯಾಗುವಾಗ ಸುತ್ತಲಿನಿಂದ ಉಷ್ಣವನ್ನು ಹೀರಿಕೊಳ್ಳುತ್ತದೆ' ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದು ತಿರುಗಿದರೆ, ಬಾಗಿಲಲ್ಲಿ ಈ ಹುಡುಗ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದಾನೆ. ಸಿಟ್ಟು ಬಂತು. ಆ ಕಾಲದ ಮೇಷ್ಟ್ರುಗಳು ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. ಕೈ ಚಾಚು ಎಂದೆ. ಎರಡು ಏಟು ಕೊಟ್ಟೆ. ಏಟು ತಿನ್ನಲು ನಿಂತ ಮಕ್ಕಳ ಅಂಗೈ ಹೆದರಿಕೆಗೆ ತೇವವಾಗಿರುತ್ತದೆ. ಇವನದು ಕಾಗದದಂತೆ ಒಣಗಿತ್ತು. ಕಣ್ಣಿಗೆ ಬಿದ್ದರೂ ಅದೇನೆಂದು ನಾನು ಯೋಚಿಸಲಿಲ್ಲ.

ಮರುದಿನ ಅವನ ತಾಯಿ ಬಂದರು. ಜಗಳಕ್ಕಲ್ಲ. "ಅವಂಗ ಬೆವರ ಬರಂಗಿಲ್ರಿ ಸರ್. ಸಣ್ಣಂವ ಇದ್ದಾಗಿಂದ ಎಮ್ಮಿ ಹಂಗ ನೀರಾಗ ಕುಂದರತಾನ. ಇಲ್ಲಂದ್ರ ಮೈ ಕೆಂಡ ಆಗತದ. ಇವನ ಸ್ವಾದರಮಾವನೂ ಹಿಂಗ ಇದ್ದ. ಒಂದ್ ಬ್ಯಾಸಿಗ್ಯಾಗ ಹೊಲದಾಗ ಬಿದ್ದಂವ ಏಳಲಿಲ್ರಿ."

ಬಿಎಸ್ಸಿ, ಬಿಎಡ್ ಮಾಡಿದ ನನಗೆ ಆ ತಾಯಿ ಮೂರು ಮಾತಿನಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗಲು ವರ್ಷಗಳೇ ಹಿಡಿದವು. ಅದನ್ನೇ ಈ ವಾರ ಬರೆಯುತ್ತಿದ್ದೇನೆ. ಆ ಹುಡುಗನನ್ನು, ಈಗ ನಲವತ್ತು ದಾಟಿದ ಗೃಹಸ್ಥನನ್ನು, ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾನೆ.

ಮೊದಲು ನಮ್ಮೆಲ್ಲರ ಚರ್ಮದಲ್ಲಿರುವ ಗ್ರಂಥಿಯ ವಿಚಾರ. ಮನುಷ್ಯನ ಮೈಯಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳಿವೆ. ಪಠ್ಯಪುಸ್ತಕದಲ್ಲಿ ಇವನ್ನು ಸ್ವೇದಗ್ರಂಥಿ ಎನ್ನುತ್ತಾರೆ. ತುಟಿಯ ಕೆಂಪು ಭಾಗದಲ್ಲಿ, ಉಗುರಿನ ಅಡಿಯಲ್ಲಿ ಇಲ್ಲ; ಅಂಗೈ, ಅಂಗಾಲುಗಳಲ್ಲಿ ಅತಿ ದಟ್ಟ. ಒಂದೊಂದೂ ಒಂದು ಬಾಯಿ ಮುಚ್ಚಿದ ಸಣ್ಣ ಕೊಳವೆ. ಹೊರಚರ್ಮದ ಕೆಳಗೆ ಒಳಚರ್ಮವಿದೆಯಲ್ಲ, ಅದರ ಆಳದಲ್ಲಿ ಕೊಳವೆಯ ಮುಚ್ಚಿದ ತುದಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ಕೂತಿರುತ್ತದೆ. ಉಂಡೆಯ ಸುತ್ತ ರಕ್ತದ ಲೋಮನಾಳಗಳ ಬಲೆ. ಅಲ್ಲಿಂದ ನಾಳವೊಂದು ಮೇಲಕ್ಕೆ ಹೊರಟು, ಹೊರಚರ್ಮವನ್ನು ತಿರುಪುಮೊಳೆಯಂತೆ ಸುತ್ತಿ ಸುತ್ತಿ ಕೊರೆದು, ಮೇಲ್ಮೈಯಲ್ಲಿ ಸಣ್ಣ ರಂಧ್ರವಾಗಿ ತೆರೆದುಕೊಳ್ಳುತ್ತದೆ. ಉಂಡೆಯನ್ನು ಬಿಡಿಸಿ ನೇರ ಮಾಡಿದರೂ ಉದ್ದ ಕೆಲವೇ ಮಿಲಿಮೀಟರ್.

ಈ ಕೊಳವೆಯ ಎರಡು ಭಾಗಕ್ಕೆ ಎರಡು ಕೆಲಸ. ಕೆಳಗಿನ ಉಂಡೆ ನೀರು ತುಂಬುತ್ತದೆ. ಅಲ್ಲಿ ತಯಾರಾಗುವ ದ್ರವದಲ್ಲಿ ಉಪ್ಪಿನ ಪ್ರಮಾಣ ಹೆಚ್ಚುಕಡಿಮೆ ರಕ್ತದ ನೀರಿನಲ್ಲಿರುವಷ್ಟೇ. ಹಾಗೆಯೇ ಹೊರಗೆ ಸುರಿದುಬಿಟ್ಟರೆ ಹೊಲದಲ್ಲಿ ದುಡಿಯುವವನು ಸಂಜೆಯೊಳಗೆ ಉಪ್ಪಿನ ಬಡವನಾಗುತ್ತಾನೆ. ಆದ್ದರಿಂದ ಮೇಲಕ್ಕೆ ಹೋಗುವ ದಾರಿಯಲ್ಲೇ ನಾಳದ ಗೋಡೆ ಸೋಡಿಯಮ್ಮನ್ನೂ ಕ್ಲೋರೈಡನ್ನೂ ಹೆಕ್ಕಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೀರು ಮಾತ್ರ ಬಹುಪಾಲು ಮುಂದೆ ಹೋಗುತ್ತದೆ. ಮೆಲ್ಲಗೆ ಬೆವರಿದರೆ ನಾಳಕ್ಕೆ ಹೆಕ್ಕಲು ಸಮಯ ಸಿಗುತ್ತದೆ, ಬೆವರು ಸಪ್ಪೆ. ಧಾರಾಕಾರ ಬೆವರಿದರೆ ಸಮಯ ಸಾಲದು, ಬೆವರು ಉಪ್ಪು. ಓಡಿ ಬಂದಾಗ ಕಣ್ಣಿಗಿಳಿದ ಬೆವರು ಉರಿಯುವುದೂ, ಒಣಗಿದ ಕಪ್ಪು ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆಗಳು ಮೂಡುವುದೂ ಇದರಿಂದಲೇ.

ಬೇಸಿಗೆಯಲ್ಲಿ ಒಂದೆರಡು ವಾರ ದಿನವೂ ಬಿಸಿಲಿನಲ್ಲಿ ದುಡಿದ ಮೈ ಪಳಗುತ್ತದೆ. ಬೇಗ ಬೆವರತೊಡಗುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ. ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಿಂದ ಬರುವ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ನಾಳಕ್ಕೆ ಉಪ್ಪು ಉಳಿಸುವುದನ್ನು ಕಲಿಸುತ್ತದೆ. ರಜೆಯಿಡೀ ಮನೆಯೊಳಗಿದ್ದ ಮಕ್ಕಳನ್ನು ಮೊದಲ ದಿನವೇ ಕವಾಯತಿಗೆ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಿಸುವ ಶಾಲೆಗಳು ಇದನ್ನು ಗಮನಿಸಬೇಕು. ಸಾಲಿನಲ್ಲಿ ಒಬ್ಬೊಬ್ಬರೇ ಕುಸಿದು ಬೀಳುವಾಗ 'ಬೆಳಿಗ್ಗೆ ತಿಂಡಿ ತಿಂದಿಲ್ಲ' ಎಂದುಬಿಡುವುದು ಸುಲಭ.

ಅಪ್ಪಣೆ ಕೊಡುವವರು ಯಾರು? ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್. ರಕ್ತದ ಬಿಸಿಯನ್ನೂ ಚರ್ಮದಿಂದ ಬರುವ ಸುದ್ದಿಯನ್ನೂ ಕೂಡಿಸಿ ನೋಡಿ, ಅನುವೇದನಾ ನರಗಳ ಮೂಲಕ ಗ್ರಂಥಿಗಳಿಗೆ ಸಂದೇಶ ಕಳಿಸುತ್ತದೆ. ಅಂಗೈ, ಅಂಗಾಲಿನ ಗ್ರಂಥಿಗಳು ಮಾತ್ರ ಬಿಸಿಗಿಂತ ಹೆಚ್ಚಾಗಿ ಮನಸ್ಸಿನ ಮಾತು ಕೇಳುತ್ತವೆ. ಪರೀಕ್ಷೆಯ ಕೊಠಡಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರೂ ಹಾಲ್ ಟಿಕೆಟ್ಟು ಒದ್ದೆಯಾಗುವುದು ಅದಕ್ಕೇ. ಪ್ರಶ್ನೆಪತ್ರಿಕೆ ಬರುವ ಮುನ್ನ ಅಂಗೈ ಬೆವರಿತೆಂದು ಯಾರೂ ನಾಚಬೇಕಿಲ್ಲ.

ಇನ್ನು ಬೆವರು ತಂಪು ಕೊಡುವುದು ಹೇಗೆ? ಮೈಯಿಂದ ಬಿಸಿನೀರು ಹೊರಗೆ ಹೋಗುವುದರಿಂದ ತಂಪಾಗುತ್ತದೆ ಎಂದು ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಬರೆಯುತ್ತಾರೆ. ಅದು ತಪ್ಪು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಬಹುಮಟ್ಟಿಗೆ ಪ್ರಯೋಜನವಿಲ್ಲ. ಚರ್ಮದ ಮೇಲೆಯೇ ಆವಿಯಾದ ಬೆವರಿನಿಂದ ಮಾತ್ರ ತಂಪು. ಮಣ್ಣಿನ ಗಡಿಗೆ ನೆನಪಿಸಿಕೊಳ್ಳಿ. ಅದರ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಪಕ್ಕದಲ್ಲೇ ಇಟ್ಟ ಸ್ಟೀಲಿನ ಕೊಡದ ನೀರು ಮಧ್ಯಾಹ್ನಕ್ಕೆ ಉಗುರುಬೆಚ್ಚಗಾಗಿರುತ್ತದೆ. ಗಡಿಗೆಗೆ ಚೆಂದಕ್ಕೆಂದು ಬಣ್ಣ ಬಳಿದರೆ ಅದೂ ಕೊಡವೇ ಆಗಿಬಿಡುತ್ತದೆ.

ಲೆಕ್ಕ ನೋಡಿ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ, 20 ಡಿಗ್ರಿಯ ಏಳು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಉಷ್ಣವನ್ನು ಅದು ಮೈಯಿಂದ ಹೊತ್ತೊಯ್ಯುತ್ತದೆ. ಬಿಸಿಲಲ್ಲಿ ಕಷ್ಟದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರಬಲ್ಲ. ಸುತ್ತಲಿನ ಗಾಳಿ ಮೈಗಿಂತ ತಂಪಾಗಿದ್ದಾಗ ಉಷ್ಣ ತಾನಾಗಿಯೇ ಹೊರಗೆ ಹರಿಯುತ್ತದೆ. ಗಾಳಿ 37 ಡಿಗ್ರಿ ದಾಟಿತೆಂದರೆ ಹರಿವು ತಿರುಗುತ್ತದೆ, ಉಷ್ಣ ಹೊರಗಿನಿಂದ ಒಳಕ್ಕೆ ಬರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಸ್ಟೀಲಿನ ಕೊಡದಂಥ ಮೈಯಿರುವ ಒಬ್ಬ ಹುಡುಗ ಅಲ್ಲಿ ಏನು ಮಾಡಬೇಕು? ನಲ್ಲಿಯಿಂದ ಬೆವರನ್ನು ಎರವಲು ತರಬೇಕು. ಅವನು ಮಾಡುತ್ತಿದ್ದುದು ಅದನ್ನೇ. ನಾನು ಬೋರ್ಡಿನ ಮೇಲೆ ಬರೆದ ವಾಕ್ಯವನ್ನು ತರಗತಿಯಲ್ಲಿ ನಿಜವಾಗಿ ಬಲ್ಲವನು ಅವನೊಬ್ಬನೇ. ಅವನಿಗೇ ಏಟು ಬಿತ್ತು.

ತಾಯಿ ಹೇಳಿದ ಎಮ್ಮೆಯ ಮಾತೂ ಸರಿಯೇ. ಹಸುವಿಗೆ ಹೋಲಿಸಿದರೆ ಎಮ್ಮೆಗೆ ಬೆವರುಗ್ರಂಥಿಗಳು ಬಹಳ ಕಡಿಮೆ. ಮೇಲಾಗಿ ಬಿಸಿಲು ಹೀರುವ ಕಪ್ಪು ಚರ್ಮ. ಕೆರೆಯಲ್ಲಿ ಬಿದ್ದುಕೊಳ್ಳುವುದು ಅದರ ಸೋಮಾರಿತನವಲ್ಲ.

ಬೆವರಿನ ಬಲ ಎಷ್ಟೆಂಬುದನ್ನು ತೋರಿಸುವ ಒಂದು ಹಳೆಯ ಪ್ರಯೋಗವಿದೆ. 1774ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ಕೋಣೆಗಳನ್ನು ಚೆನ್ನಾಗಿ ಕಾಯಿಸಿ, ಚಾರ್ಲ್ಸ್ ಬ್ಲಾಗ್ಡನ್ ಮುಂತಾದ ಮಿತ್ರರನ್ನು ಕರೆದ. ಬ್ಲಾಗ್ಡನ್ ಅದರ ವರದಿಯನ್ನು 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ನೀರಿನ ಕುದಿಬಿಂದುವನ್ನು ಮೀರಿ ಕಾದ ಒಣಗಾಳಿಯಲ್ಲಿ ಅವರು ಕೆಲವು ನಿಮಿಷ ನಿಂತು ಹೊರಬಂದರು. ಅದೇ ಕೋಣೆಯಲ್ಲಿಟ್ಟ ಮೊಟ್ಟೆ ಬೆಂದು ಗಟ್ಟಿಯಾಯಿತು, ಮಾಂಸವೂ ಬೆಂದಿತು. ನನಗೆ ಹೆಚ್ಚು ಇಷ್ಟವಾದದ್ದು ನೀರಿನ ಪಾತ್ರೆಗಳ ಭಾಗ. ತೆರೆದಿಟ್ಟ ಪಾತ್ರೆಯ ನೀರು ಆ ಕೋಣೆಯಲ್ಲಿ ಕುದಿಯಲೇ ಇಲ್ಲ. ಇನ್ನೊಂದರ ಮೇಲೆ ಎಣ್ಣೆಯ ಪದರ ತೇಲಿಬಿಟ್ಟಾಗ, ಆವಿಯಾಗುವ ದಾರಿ ಮುಚ್ಚಿ, ಅದು ಕುದಿಯಿತು. (ಮೊದಲ ಭಾಗವನ್ನು ಯಾರೂ ಅನುಕರಿಸಬೇಡಿ.)

ಗಾಳಿ ಒಣಗಿದ್ದಾಗ ಮಾತ್ರ ಈ ಆಟ ನಡೆಯುತ್ತದೆ. ನನ್ನ ತಂಗಿಯ ಮನೆ ಮಂಗಳೂರಿನಲ್ಲಿ. ಅಲ್ಲಿ 34 ಡಿಗ್ರಿ ಎಂದರೆ ರಾಯಚೂರಿನವರು ನಗುತ್ತಾರೆ. ಬಂದು ಒಂದು ಮಧ್ಯಾಹ್ನ ಕಳೆದ ಮೇಲೆ ನಗು ನಿಲ್ಲುತ್ತದೆ. ಕಡಲ ಗಾಳಿಯಲ್ಲಿ ನೀರಾವಿ ಆಗಲೇ ತುಂಬಿರುವುದರಿಂದ ಬೆವರು ಆವಿಯಾಗಲಾರದು. ಮೈಮೇಲೆ ಹರಿಯುತ್ತದೆ, ಅಂಗಿ ಅಂಟುತ್ತದೆ, ತಂಪು ಮಾತ್ರ ಇಲ್ಲ. ರಂಧ್ರದ ಬಾಯಿ ಕಟ್ಟಿಕೊಂಡರೆ ಒಳಗೆ ನಿಂತ ಬೆವರು ಕೆಂಪು ಗುಳ್ಳೆಯಾಗಿ ಏಳುತ್ತದೆ. ಅದೇ ಬೆವರುಸಾಲೆ. ಪೌಡರನ್ನು ದಪ್ಪಗೆ ಮೆತ್ತುವುದಕ್ಕಿಂತ ತಣ್ಣೀರಲ್ಲಿ ಮೈತೊಳೆದು, ಸಡಿಲವಾದ ಹತ್ತಿಬಟ್ಟೆ ಹಾಕಿ, ಗಾಳಿಗೆ ಕೂರಿಸುವುದು ಮೇಲು.

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಎರಡು ಥರ್ಮಾಮೀಟರ್ ಜೋಡಿಸಿದ ಆರ್ದ್ರತಾಮಾಪಕ ಇದ್ದೀತು. ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಆ ಒದ್ದೆ ಬಲ್ಬನ್ನು ಬೆವರಿದ ಮನುಷ್ಯನೆಂದೇ ತಿಳಿಯಿರಿ. ಒದ್ದೆ ಬಲ್ಬು 35 ಡಿಗ್ರಿ ತೋರಿಸುವಲ್ಲಿ ಆರೋಗ್ಯವಂತನೂ ನೆರಳಲ್ಲಿ ಸುಮ್ಮನೆ ಕೂತಿದ್ದರೂ ಬಹಳ ಹೊತ್ತು ಬದುಕಲಾರ ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣ ತರುಣಿಯರ ಮೇಲೆ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ ಒದ್ದೆ ಬಲ್ಬು ಸುಮಾರು 31 ಡಿಗ್ರಿ ಇರುವಾಗಲೇ ಮೈಯ ಉಷ್ಣತೆ ಹತೋಟಿ ತಪ್ಪಿ ಏರತೊಡಗಿತು. ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವ ಆ ಉಪಕರಣವನ್ನು ಬೇಸಿಗೆಯಲ್ಲಿ ಹೊರತೆಗೆದು ವರಾಂಡದಲ್ಲಿ ನೇತುಹಾಕಿ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ.

ತಂದೆತಾಯಿಗಳಿಗೆ ಒಂದೆರಡು ಮಾತು. ಬೆವರಿ ಬಂದ ಮಗುವಿಗೆ ನೀರು ಕೊಡಬಾರದು ಎಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಹೋದ ನೀರು ಹಿಂದೆ ಬಾರದಿದ್ದರೆ ಬೆವರು ಬರುವುದಾದರೂ ಎಲ್ಲಿಂದ? ಗುಟುಕು ಗುಟುಕಾಗಿ ಧಾರಾಳ ಕುಡಿಯಲಿ. ಉಪ್ಪು ಹಾಕಿದ ನೀರುಮಜ್ಜಿಗೆ ಇನ್ನೂ ಒಳ್ಳೆಯದು. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆವರೆಗೆ ನೀರೇ ಮುಟ್ಟದ ಹೆಣ್ಣುಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ. ಅದಕ್ಕೆ ಮಜ್ಜಿಗೆ ಪರಿಹಾರವಲ್ಲ, ಶೌಚಾಲಯವೇ ಪರಿಹಾರ. ಬೆವರಿದರೆ ಮೈಯ ನಂಜೆಲ್ಲ ಹೊರಗೆ ಹೋಗುತ್ತದೆ ಎಂಬುದೂ ಅಷ್ಟೇ. ಬೆವರು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ನಂಜು ತೆಗೆಯುವ ಕೆಲಸವನ್ನು ಯಕೃತ್ತೂ ಮೂತ್ರಪಿಂಡಗಳೂ ಮಾಡುತ್ತಿವೆ. ಬಿಸಿಲಲ್ಲಿ ಯಾರಾದರೂ ತೊದಲಿದರೆ, ತಬ್ಬಿಬ್ಬಾದರೆ, ಪ್ರಜ್ಞೆ ತಪ್ಪಿದರೆ, ಮೈ ಒಣಗಿದೆಯೋ ಒದ್ದೆಯಾಗಿದೆಯೋ ಎಂದು ನೋಡುತ್ತ ಕೂರಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ದೊಡ್ಡ ತರಗತಿಯ ಮಕ್ಕಳು ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದಿದೆ: ಬೆವರು ನಾರುವುದೇಕೆ? ಇಷ್ಟು ಹೊತ್ತು ಹೇಳಿದ್ದು ಎಕ್ರೈನ್ ಗ್ರಂಥಿಗಳ ಕತೆ. ಕಂಕುಳು, ತೊಡೆಸಂದಿಗಳಲ್ಲಿ ಅಪೊಕ್ರೈನ್ ಎಂಬ ಇನ್ನೊಂದು ಬಗೆ ಇದೆ. ಅವು ರೋಮಕೂಪದೊಳಕ್ಕೆ ತೆರೆದುಕೊಳ್ಳುತ್ತವೆ, ಹರೆಯ ಬಂದ ಮೇಲೆ ಕೆಲಸ ಆರಂಭಿಸುತ್ತವೆ. ಅವುಗಳ ಸ್ರಾವಕ್ಕೂ ಆಗತಾನೆ ಬಂದಾಗ ವಾಸನೆಯಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯ ಅದನ್ನು ಒಡೆದಾಗ ವಾಸನೆ. ಸೋಪು, ನೀರು, ಒಗೆದ ಅಂಗಿ ಸಾಕು.

ನಿಮ್ಮ ಗ್ರಂಥಿಗಳನ್ನು ನೀವೇ ನೋಡಬಹುದು. ಬೆರಳ ತುದಿಗೆ ಟಿಂಚರ್ ಅಯೊಡಿನ್ ತೆಳುವಾಗಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಸ್ವಲ್ಪ ಕುಣಿದು ಬಂದು, ಬೆರಳನ್ನು ಬಿಳಿ ಕಾಗದಕ್ಕೆ ಒತ್ತಿ ಹಿಡಿಯಿರಿ. ಬರೆಯುವ ಕಾಗದಕ್ಕೆ ಸಾಮಾನ್ಯವಾಗಿ ಗಂಜಿಯ ಲೇಪವಿರುತ್ತದೆ. ಬೆವರು ಹನಿಸಿದ ಕಡೆಯೆಲ್ಲ ಗಂಜಿ ಮತ್ತು ಅಯೊಡಿನ್ ಸೇರಿ ಕಡುನೀಲಿ ಚುಕ್ಕಿ ಮೂಡುತ್ತದೆ. ಬೆರಳಚ್ಚಿನ ಏಣುಗಳ ಮೇಲೆ ಸಾಲಾಗಿ ನಿಂತ ಚುಕ್ಕಿಗಳು, ಒಂದೊಂದೂ ಒಂದು ಗ್ರಂಥಿಯ ಬಾಯಿ. ಅಯೊಡಿನ್ ಒಗ್ಗದವರು ಮಾಡಬೇಡಿ. ಉಳಿದವರೂ ದೊಡ್ಡವರ ಎದುರಿಗೇ ಮಾಡಿ. ಇಡೀ ತರಗತಿಯಲ್ಲಿ ಯಾರೊಬ್ಬರ ಕಾಗದ ಪದೇ ಪದೇ ಖಾಲಿ ಉಳಿದರೆ ನಗಬೇಡಿ. ಬೇಸಿಗೆಯಲ್ಲಿ ಕಾರಣವಿಲ್ಲದೆ ಜ್ವರ ಬರುತ್ತದೆಯೇ ಎಂದು ಕೇಳಿ, ವೈದ್ಯರಲ್ಲಿಗೆ ಕಳಿಸಿ.

ಆ ತಾಯಿಯ ಕೊನೆಯ ಮಾತು, ಸೋದರಮಾವನದು, ನನಗೆ ತಿಳಿದದ್ದು ಐದಾರು ವರ್ಷಗಳ ನಂತರ. ತರಬೇತಿಗೆಂದು ಮೈಸೂರಿಗೆ ಹೋದಾಗ ಗ್ರಂಥಾಲಯವೊಂದರಲ್ಲಿ ಚಾರ್ಲ್ಸ್ ಡಾರ್ವಿನ್ನನ ಪುಸ್ತಕ ತಿರುವುತ್ತಿದ್ದೆ. ಸಾಕುಪ್ರಾಣಿ ಮತ್ತು ಬೆಳೆಗಳಲ್ಲಾಗುವ ಬದಲಾವಣೆಗಳ ಬಗ್ಗೆ ಅವನು ಬರೆದದ್ದು. 1875ರ ಆವೃತ್ತಿಯಲ್ಲಿ ಸಿಂಧ್ ಪ್ರಾಂತದ (ಈಗ ಪಾಕಿಸ್ತಾನದಲ್ಲಿದೆ) ಒಂದು ಹಿಂದೂ ಕುಟುಂಬದ ಪ್ರಸ್ತಾಪವಿದೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರು. ಎಲ್ಲರಿಗೂ ಕೆಲವೇ ಹಲ್ಲು, ಮೈಮೇಲೆ ಕೂದಲು ವಿರಳ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬರುತ್ತದೆ. ತಂದೆಯಿಂದ ಮಗನಿಗೆ ದಾಟುವುದಿಲ್ಲ. ನಿಂತಲ್ಲೇ ಬೆವರಿದೆ. ರಾಯಚೂರಿನ ಮನೆಯೊಂದನ್ನು ನೋಡಿ ಬರೆದಂತಿತ್ತು.

ಹಲ್ಲು, ಕೂದಲು, ಬೆವರುಗ್ರಂಥಿ ಮೂರೂ ಭ್ರೂಣದ ಹೊರಪದರದಿಂದಲೇ ಹುಟ್ಟುತ್ತವೆ. ಇವು ರೂಪುಗೊಳ್ಳಲು ಬೇಕಾದ ಒಂದು ಪ್ರೋಟೀನಿನ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿದೆ. 1996ರಲ್ಲಿ, ನಾನು ಕೆಲಸಕ್ಕೆ ಸೇರಿದ ವರ್ಷವೇ, ಅದನ್ನು ಗುರುತಿಸಿದರು. ಗಂಡಿಗೆ ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ಬೇರೆ ಆಸರೆಯಿಲ್ಲ. ಹೆಣ್ಣಿಗೆ ಎರಡಿರುವುದರಿಂದ ತೊಂದರೆ ಸಾಮಾನ್ಯವಾಗಿ ಕಡಿಮೆ. ಇಂಥ ತಾಯಂದಿರ ಬೆನ್ನಿಗೆ ಅಯೊಡಿನ್, ಗಂಜಿ ಹಚ್ಚಿ ನೋಡಿದರೆ ಬೆವರುವ ಪಟ್ಟಿ, ಬೆವರದ ಪಟ್ಟಿ ಬೇರೆ ಬೇರೆಯಾಗಿ ಕಾಣುವುದುಂಟು.

ಬೆವರುಗ್ರಂಥಿಗಳು ತಯಾರಾಗುವುದು ಗರ್ಭದಲ್ಲೇ. ಹುಟ್ಟಿದ ಮೇಲೆ ಹೊಸದೊಂದೂ ಸೇರುವುದಿಲ್ಲ. ಹಾಗಾಗಿ ಇದಕ್ಕೆ ಮದ್ದಿಲ್ಲವೆಂದೇ ತಿಳಿದಿದ್ದೆವು. 2018ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಒಂದು ವರದಿ ಪ್ರಕಟಿಸಿದರು. ಈ ದೋಷವಿದ್ದ ಅವಳಿ ಗಂಡುಮಕ್ಕಳಿಗೂ ಇನ್ನೊಂದು ಮಗುವಿಗೂ, ತಾಯಿಯ ಗರ್ಭದಲ್ಲಿದ್ದಾಗಲೇ, ಸುತ್ತಲಿನ ನೀರಿಗೆ ಆ ಕೊರತೆಯ ಪ್ರೋಟೀನನ್ನು ಸೂಜಿಯಿಂದ ಸೇರಿಸಿದ್ದರು. ಹುಟ್ಟಿದ ಮೂವರೂ ಬೆವರಿದರು. ಮೂರು ಮಕ್ಕಳಿಂದ ಎಲ್ಲ ಸಾಬೀತಾಗುವುದಿಲ್ಲ. ಇನ್ನೂ ಹೆಚ್ಚಿನ ಪರೀಕ್ಷೆಗಳು ಬೇಕು.

ಆ ತಾಯಿ ಬಂದು ಹೋದ ಮೇಲೆ ಹುಡುಗನ ಬೆಂಚಿನ ಪಕ್ಕ ಒಂದು ಗಡಿಗೆ ನೀರು ಇಡಿಸಿದೆ. ಅವನ ಅಮ್ಮ ಒಂದು ಟವೆಲ್ಲು ಕೊಟ್ಟು ಕಳಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ. ಈಗ ಹಳೆಯ ಊರಿನಲ್ಲೇ ಅಂಗಡಿ ಇಟ್ಟಿದ್ದಾನೆ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತಾನೆ. ಮಾರ್ಚಿ ಬಂತೆಂದರೆ ತಪ್ಪದೆ ಫೋನ್ ಮಾಡುತ್ತಾನೆ. ಈ ಸಲ ಮಾತಾಡುತ್ತ, "ನನ್ನ ಮಗಳು ಚಲೋ ಬೆವರತಾಳ್ರಿ ಸರ್, ಅಕಿಗೇನೂ ಇಲ್ಲ" ಎಂದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ತಂದೆಯ ಒಂದೇ ಎಕ್ಸ್ ಮಗಳಿಗೆ ಹೋಗಿಯೇ ಹೋಗಿರುತ್ತದೆ. ಮರುದಿನ ನಾನೇ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಮಗಳೇ ಫೋನ್ ತೆಗೆದುಕೊಂಡಳು. ಪಿಯುಸಿ ಓದುತ್ತಿದ್ದಾಳೆ, ವಿಜ್ಞಾನ ವಿಭಾಗ. "ಅಯೊಡಿನ್ ಹಚ್ಚಿ ನೋಡಿದ್ರ ಸಾಕೇನ್ರಿ ಸರ್, ಜೀನ್ ಟೆಸ್ಟೇ ಬೇಕೋ?" ಎಂದು ಕೇಳಿದಳು. ಅಯೊಡಿನ್ ನಂಬಿ ಕೂರಬೇಡಮ್ಮ, ತಳಿವಿಜ್ಞಾನ ಬಲ್ಲ ವೈದ್ಯರನ್ನೇ ಕಾಣಬೇಕು ಎಂದೆ. ಮಳೆ ಬಿದ್ದ ಮೇಲೆ ಅಪ್ಪ, ಮಗಳು ಬೆಂಗಳೂರಿಗೆ ಹೋಗುವವರಿದ್ದಾರೆ, ರಾತ್ರಿ ಬಸ್ಸಿಗೆ.